ಅಡ್ಡಗಾಳಿ ಮತ್ತು ಎತ್ತರದ ವ್ಯಾನು

ಉತ್ತರ ಅಮೆರಿಕದ ರಾಕಿ ಪರ್ವತಶ್ರೇಣಿಯು ದಕ್ಷಿಣ ವಯೋಮಿಂಗಿನಲ್ಲಿ ಬಹಳ ದೂರದವರೆಗೆ ತಗ್ಗಿಹೋಗಿರುವುದರಿಂದ, ಪಶ್ಚಿಮದಿಂದ ಬರುವ ಗಾಳಿಯು ಆ ತಗ್ಗಿನಲ್ಲಿ ಒತ್ತಿಕೊಂಡು, ವೇಗವನ್ನು ಹೆಚ್ಚಿಸಿಕೊಂಡು ಪೂರ್ವದ ಬಯಲಿಗೆ ನುಗ್ಗುತ್ತದೆ. ರಾಲಿನ್ಸ್ ಮತ್ತು ಲಾರಮಿ ಎಂಬ ಎರಡು ಊರುಗಳ ನಡುವೆ, ಎಲ್ಕ್ ಪರ್ವತದ ಮಗ್ಗುಲನ್ನು ಹಿಡಿದು ಸಾಗುವ ೮೦ನೆಯ ಅಂತರರಾಜ್ಯ ಹೆದ್ದಾರಿಯು ಈ ಗಾಳಿಯ ದಾರಿಯಲ್ಲಿಯೇ ಇದೆ. ಹಳೆಯ ರಸ್ತೆಯು ಉತ್ತರಕ್ಕೆ ಬಳಸಿಕೊಂಡು ಮೆಡಿಸಿನ್ ಬೋ ಎಂಬ ಊರಿನ ಮೂಲಕ ಹೋಗುತ್ತಿತ್ತು. ದೂರವು ಉಳಿಯಲೆಂದು ಬೆಟ್ಟದ ಬುಡದಲ್ಲಿ ಹೊಸ ಮಾರ್ಗವನ್ನು ನಿರ್ಮಿಸಿ ೧೯೭೦ರಲ್ಲಿ ಸಂಚಾರಕ್ಕೆ ತೆರೆದಾಗ, ಆ ಸೀಮೆಯ ಗಾಳಿಯನ್ನೂ ಹಿಮವನ್ನೂ ತಲೆಮಾರುಗಳಿಂದ ಕಂಡಿದ್ದ ಸ್ಥಳೀಯರು ಮೊದಲೇ ಹೇಳಿದ್ದ ಎಚ್ಚರಿಕೆಯು ಮೊದಲನೆಯ ಚಳಿಗಾಲದಲ್ಲಿಯೇ ನಿಜವಾಯಿತು. ಇಂದಿಗೂ ಆ ಮಾರ್ಗದಲ್ಲಿ ಗಾಳಿ ಬಿರುಸಾದ ದಿನಗಳಲ್ಲಿ, ಹಗುರವಾಗಿಯೂ ಎತ್ತರವಾಗಿಯೂ ಇರುವ ವಾಹನಗಳಿಗೆ ಪ್ರವೇಶವಿಲ್ಲವೆಂಬ ಫಲಕಗಳು ರಸ್ತೆಯ ಮೇಲೆ ಬೆಳಗುತ್ತವೆ.

ಹಗುರವೂ ಎತ್ತರವೂ ಆದ ವಾಹನವೆಂದರೆ ಬರಿದಾದ ಲಾರಿಯಷ್ಟೇ ಅಲ್ಲ. ಮಲಗಲು ಹಾಸಿಗೆ, ಅಡಿಗೆಗೆ ಒಲೆ, ನೀರಿನ ತೊಟ್ಟಿ, ಬಟ್ಟೆಯ ಕಪಾಟು ಇವೆಲ್ಲವನ್ನೂ ಒಡಲಿನಲ್ಲಿ ತುಂಬಿಕೊಂಡು, ಒಳಗೆ ನೆಟ್ಟಗೆ ನಿಲ್ಲಲು ಬರುವಂತೆ ಮಾಡನ್ನು ಎತ್ತರಿಸಿಕೊಂಡಿರುವ ಕ್ಯಾಂಪರ್ ವ್ಯಾನು ಆ ವರ್ಗದಲ್ಲಿ ಮುಖ್ಯವಾದುದು. ಸಾಮಾನ್ಯ ಕಾರು ಒಂದೂವರೆ ಮೀಟರು ಎತ್ತರವಿದ್ದರೆ, ಎತ್ತರದ ಮಾಡಿನ ಮರ್ಸಿಡಿಸ್ ಸ್ಪ್ರಿಂಟರು ಅಥವಾ ಫೋರ್ಡ್ ಟ್ರಾನ್ಸಿಟ್ಟು ಸುಮಾರು ೨.೮ ಮೀಟರು ಎತ್ತರವಿರುತ್ತದೆ. ಅಗಲವಾದರೋ ಎರಡು ಮೀಟರಿಗಿಂತ ಹೆಚ್ಚೇನೂ ಇಲ್ಲ. ಇಂತಹ ವಾಹನವನ್ನು ಗಾಳಿಯಲ್ಲಿ ಮೊದಲ ಬಾರಿಗೆ ನಡೆಸುವವನು ಒಂದು ಗಂಟೆಯೊಳಗಾಗಿ ಹೆಗಲು ಸೆಟೆದು, ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಪಕ್ಕದವರ ಮಾತಿಗೆ ಉತ್ತರ ಕೊಡುವುದನ್ನೂ ಬಿಟ್ಟುಬಿಡುತ್ತಾನೆ. ಅವನ ಭಯವು ನಿರಾಧಾರವಾದುದಲ್ಲ. ಗಂಟೆಗೆ ೯೦ ಕಿಲೋಮೀಟರು ವೇಗದಲ್ಲಿ ಗಾಡಿಯು ಪ್ರತಿ ಸೆಕೆಂಡಿಗೆ ೨೫ ಮೀಟರು ಕ್ರಮಿಸುತ್ತದೆ. ಅದರ ಮೂತಿಯು ಕೇವಲ ಒಂದು ಡಿಗ್ರಿಯಷ್ಟು ಓರೆಯಾಗಿ, ಅದನ್ನು ಎರಡು ಸೆಕೆಂಡುಗಳ ಕಾಲ ತಿದ್ದದೆ ಬಿಟ್ಟರೆ, ಗಾಡಿಯು ಸುಮಾರು ೯೦ ಸೆಂಟಿಮೀಟರು ಪಕ್ಕಕ್ಕೆ ಸರಿದಿರುತ್ತದೆ. ಅಮೆರಿಕದ ಹೆದ್ದಾರಿಯ ಒಂದು ಪಥದ ಅಗಲ ಸುಮಾರು ೩.೬ ಮೀಟರು. ಎರಡು ಮೀಟರು ಅಗಲದ ವ್ಯಾನಿಗೆ ಇತ್ತ ಅತ್ತ ಉಳಿಯುವ ಜಾಗ ತಲಾ ೮೦ ಸೆಂಟಿಮೀಟರು ಮಾತ್ರ.

ಗಾಳಿಯ ಬಲವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದೆಂಬ ನಿಯಮವನ್ನು ನಾವು ಶಾಲೆಯಲ್ಲಿ ಓದಿರುತ್ತೇವೆ. ಆದರೆ ಅದರ ಅರ್ಥವು ಮನಸ್ಸಿಗೆ ಇಳಿಯಬೇಕಾದರೆ ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಆರು ಮೀಟರು ಉದ್ದ, ಎರಡೂವರೆ ಮೀಟರು ಎತ್ತರದ ಪಕ್ಕದ ಗೋಡೆಯುಳ್ಳ ವ್ಯಾನೊಂದು ಸುಮ್ಮನೆ ನಿಂತಿರುವಾಗ, ಗಂಟೆಗೆ ೫೪ ಕಿಲೋಮೀಟರು ವೇಗದ ಗಾಳಿಯು ನೇರವಾಗಿ ಆ ಗೋಡೆಗೆ ಬಡಿದರೆ, ಅದರ ನೂಕು ಸುಮಾರು ೨೦೦ ಕಿಲೋಗ್ರಾಂ ತೂಕಕ್ಕೆ ಸಮನಾಗಿರುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಆ ನೂಕು ನಾಲ್ಮಡಿಯಾಗಿ ೮೦೦ ಕಿಲೋಗ್ರಾಮಿಗೆ ಏರುತ್ತದೆ. ಗಾಡಿ ಓಡುತ್ತಿರುವಾಗ ಇದರೊಂದಿಗೆ ಅದರ ಸ್ವಂತ ವೇಗವೂ ಕೂಡಿಕೊಳ್ಳುತ್ತದೆ. ೯೦ ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿಗೆ ೫೪ ಕಿಲೋಮೀಟರಿನ ಅಡ್ಡಗಾಳಿ ಎದುರಾದಾಗ, ಗಾಡಿಯು ಅನುಭವಿಸುವುದು ಎಡಕ್ಕೋ ಬಲಕ್ಕೋ ಸುಮಾರು ೩೧ ಡಿಗ್ರಿ ಓರೆಯಾಗಿ ಬರುವ, ೧೦೫ ಕಿಲೋಮೀಟರು ವೇಗದ ಗಾಳಿಯನ್ನು. ವೇಗವನ್ನು ೬೦ಕ್ಕೆ ಇಳಿಸಿದರೆ ಆ ಕೂಡಿದ ಗಾಳಿಯು ೮೧ಕ್ಕೆ ಇಳಿದು, ಅದರ ಒತ್ತಡವು ಮೊದಲಿದ್ದುದರ ಐದನೆಯ ಮೂರು ಪಾಲಿನಷ್ಟಾಗುತ್ತದೆ. ಗಾಳಿ ಓರೆಯಾಗುವ ಕೋನವು ಹೆಚ್ಚುವುದರಿಂದ ಪಕ್ಕದ ನೂಕಿನಲ್ಲಿ ಅಷ್ಟೇ ಪ್ರಮಾಣದ ಲಾಭ ದೊರೆಯದಾದರೂ, ನಿಧಾನಿಸುವುದರಷ್ಟು ಸುಲಭವೂ ಖರ್ಚಿಲ್ಲದುದೂ ಆದ ಪರಿಹಾರ ಮತ್ತೊಂದಿಲ್ಲ.

ಆದರೆ ನೂಕು ಎಷ್ಟೆಂಬುದಕ್ಕಿಂತಲೂ ಅದು ಗಾಡಿಯ ಯಾವ ಭಾಗದ ಮೇಲೆ ಬೀಳುತ್ತದೆಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ಓರೆಗಾಳಿಯ ಒತ್ತಡವೆಲ್ಲವೂ ಒಂದೇ ಬಿಂದುವಿನಲ್ಲಿ ಕೂಡಿದೆಯೆಂದು ಭಾವಿಸಿದರೆ, ಚಪ್ಪಟೆ ಮೂತಿಯ ವ್ಯಾನಿನಲ್ಲಿ ಆ ಬಿಂದುವು ಗಾಡಿಯ ಉದ್ದದ ಮಧ್ಯಕ್ಕಿಂತ ಮುಂದಿರುತ್ತದೆ. ಗಾಡಿಯ ಗುರುತ್ವಕೇಂದ್ರವು ಅದಕ್ಕಿಂತ ಹಿಂದಿದ್ದಲ್ಲಿ, ಗಾಳಿಯು ಗಾಡಿಯನ್ನು ಪಕ್ಕಕ್ಕೆ ಸರಿಸುವುದಷ್ಟೇ ಅಲ್ಲದೆ ಅದರ ಮೂತಿಯನ್ನೂ ಗಾಳಿಗೆ ವಿಮುಖವಾಗಿ ತಿರುಗಿಸುತ್ತದೆ; ತಿರುಗಿದ ಮೂತಿಯ ಹಿಂದೆ ಗಾಡಿಯೂ ಹೋಗುತ್ತದೆ. ಬಾಣದ ಹಿಂಬದಿಗೆ ಗರಿ ಕಟ್ಟುವುದು ಒತ್ತಡದ ಈ ಬಿಂದುವನ್ನು ಭಾರಕ್ಕಿಂತ ಹಿಂದಕ್ಕೆ ಎಳೆಯುವುದಕ್ಕಾಗಿಯೇ. ನಮ್ಮ ಎತ್ತರದ ವ್ಯಾನು ಗರಿಯನ್ನು ಮುಂದೆಯೂ ಭಾರವನ್ನು ಹಿಂದೆಯೂ ಇಟ್ಟುಕೊಂಡ ಬಾಣದಂತೆ ವರ್ತಿಸುತ್ತದೆ.

ಕ್ಯಾಂಪರ್ ವ್ಯಾನುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಫೋಕ್ಸ್‌ವ್ಯಾಗನ್ನಿನ ಚರಿತ್ರೆಯು ಈ ತತ್ತ್ವಕ್ಕೆ ಒಳ್ಳೆಯ ನಿದರ್ಶನ. ಬೆನ್ ಪೋನ್ ಎಂಬ ಡಚ್ ವರ್ತಕನು ೧೯೪೭ರಲ್ಲಿ ತನ್ನ ಟಿಪ್ಪಣಿಯ ಹಾಳೆಯಲ್ಲಿ ಗೀಚಿದ ಒಂದು ರೇಖಾಚಿತ್ರದಿಂದ ಹುಟ್ಟಿ, ೧೯೫೦ರಲ್ಲಿ ಮಾರುಕಟ್ಟೆಗೆ ಬಂದ ಆ ವಾಹನದ ಮೊದಲ ಮಾದರಿಯ ಮುಖವನ್ನು ಬ್ರೌನ್‌ಶ್ವೈಗಿನ ತಾಂತ್ರಿಕ ವಿದ್ಯಾಲಯದ ವಾಯುಸುರಂಗದಲ್ಲಿ ಪರೀಕ್ಷಿಸಿ ತಿದ್ದಿದ ಫಲವಾಗಿ, ಎದುರುಗಾಳಿಯ ಪ್ರತಿರೋಧದ ಅಂಕವು ೦.೭೫ರಿಂದ ೦.೪೪ಕ್ಕೆ ಇಳಿಯಿತು. ಮುಂದಿನ ವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆಯು ಅದರೊಳಗೆ ಮಂಚ ಮೇಜುಗಳನ್ನು ಜೋಡಿಸತೊಡಗಿತು. ಎದುರುಗಾಳಿಗೆ ಉಪಾಯವು ದೊರೆತರೂ ಅಡ್ಡಗಾಳಿಯ ತೊಂದರೆಯು ಹಾಗೆಯೇ ಉಳಿಯಿತು. ಏಕೆಂದರೆ ಇಂಜಿನ್ನು ಹಿಂದಿನ ಅಚ್ಚಿಗಿಂತಲೂ ಹಿಂದಿತ್ತು, ಅಗಲವಾದ ಮುಖವು ಮುಂದಿನ ಅಚ್ಚಿಗಿಂತಲೂ ಮುಂದಿತ್ತು. ೧೯೭೯ರಲ್ಲಿ ಬಂದ ಮೂರನೆಯ ಪೀಳಿಗೆಯಲ್ಲಿ ಭಾರವನ್ನು ಎರಡು ಅಚ್ಚುಗಳಿಗೂ ಹೆಚ್ಚುಕಡಮೆ ಸಮವಾಗಿ ಹಂಚಿದರು. ೧೯೯೦ರಲ್ಲಿ ಬಂದ ನಾಲ್ಕನೆಯದರಲ್ಲಿ ಇಂಜಿನ್ನು ಮುಂದಕ್ಕೆ ಹೋಯಿತು.

ಇಂದಿನ ಸ್ಪ್ರಿಂಟರು ೧೯೯೫ರಲ್ಲಿ ಮರ್ಸಿಡಿಸ್ಸಿನವರ ಟಿ-೧ ಎಂಬ ಹಳೆಯ ವ್ಯಾನಿನ ಉತ್ತರಾಧಿಕಾರಿಯಾಗಿ ಬಂದುದು. ನಮ್ಮ ಊರುಗಳಲ್ಲಿ ಮದುವೆಯ ದಿಬ್ಬಣಕ್ಕೂ ಧರ್ಮಸ್ಥಳ ತಿರುಪತಿಗಳ ಯಾತ್ರೆಗೂ ಬಾಡಿಗೆಗೆ ಹಿಡಿಯುವ ಟೆಂಪೋ ಟ್ರಾವೆಲರು, ಅಂದರೆ ಎಲ್ಲರ ಬಾಯಲ್ಲಿರುವ ‘ಟಿ.ಟಿ.’, ಅದೇ ಟಿ-೧ರ ವಿನ್ಯಾಸದಿಂದ ಬೆಳೆದ ವಾಹನ. ಆದುದರಿಂದ ಇಲ್ಲಿ ಹೇಳುತ್ತಿರುವುದು ವಯೋಮಿಂಗಿನವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ, ಟಿ.ಟಿ.ಯ ಕ್ಯಾರಿಯರಿನ ಮೇಲೆ ಪೆಟ್ಟಿಗೆ ಹಾಸಿಗೆಗಳನ್ನು ಒಟ್ಟಿ, ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವವರಿಗೂ ಇದು ಸಂಬಂಧಿಸಿದುದೇ.

ಗಾಡಿಯು ಗಾಳಿಯಲ್ಲಿ ತೊನೆಯುತ್ತದೆಂದು ಕಂಡಕೂಡಲೆ ಜನರು ಯಾವುದಾದರೊಂದು ಸಾಧನವನ್ನು ಕೊಂಡು ತಂದು ಅದಕ್ಕೆ ತಗುಲಿಸುವುದುಂಟು. ಮಾರುವವರು ಪ್ರತಿಯೊಂದು ಸಾಧನಕ್ಕೂ ಸರ್ವರೋಗನಿವಾರಕವೆಂಬ ಹೆಸರನ್ನು ಕೊಟ್ಟಿರುವುದರಿಂದ, ಕೊಳ್ಳುವವರನ್ನು ದೂರುವಂತಿಲ್ಲ. ಆದರೂ ಈ ಕ್ರಮವು ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ. ದುರ್ಬಲವಾದ ಕೀಲನ್ನು ಹಾಗೆಯೇ ಬಿಟ್ಟು ಅದರ ಮೇಲೆ ಬಲವಾದ ಸಲಾಕೆಯೊಂದನ್ನು ಬಿಗಿದರೆ, ದೋಷವು ಮರೆಯಾಗುತ್ತದೆಯೇ ಹೊರತು ನೀಗುವುದಿಲ್ಲ. ಮರೆಯಾದ ದೋಷವು ಕಾಣುವ ದೋಷಕ್ಕಿಂತ ಅಪಾಯಕರವಾದುದು. ಮೊದಲು ಭಾರ, ಅನಂತರ ಟೈರು, ಅದಾದಮೇಲೆ ಕೀಲುಗಳು, ಅವು ಸರಿಯಾದ ಬಳಿಕ ಚಕ್ರಗಳ ಕೋನ, ಕಟ್ಟಕಡೆಗೆ ಬೇಕಾದಲ್ಲಿ ಹೊಸ ಸಾಧನ: ಈ ಅನುಕ್ರಮವನ್ನು ಬಿಟ್ಟು ನಡೆದವರ ಹಣವು ಬಹುಮಟ್ಟಿಗೆ ವ್ಯರ್ಥವಾಗುತ್ತದೆ.

ಭಾರದ ವಿಷಯವನ್ನು ತಕ್ಕಡಿಯಿಂದಲೇ ಆರಂಭಿಸಬೇಕು. ಅಮೆರಿಕದಲ್ಲಿ ಲಾರಿಗಳು ತಂಗುವ ತಾಣಗಳಲ್ಲಿರುವ ‘ಕ್ಯಾಟ್’ ತೂಕದ ವೇದಿಕೆಗಳ ಮೇಲೆ ಗಾಡಿಯನ್ನು ನಿಲ್ಲಿಸಿದರೆ, ಮುಂದಿನ ಅಚ್ಚಿನ ಮೇಲೆ ಎಷ್ಟು, ಹಿಂದಿನ ಅಚ್ಚಿನ ಮೇಲೆ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಮುದ್ರಿಸಿದ ಚೀಟಿಯು ಕೈಗೆ ಬರುತ್ತದೆ. ನೀರು ತುಂಬಿಸಿ, ಸಾಮಾನು ಹೇರಿ, ಹೋಗುವವರೆಲ್ಲರೂ ಕುಳಿತು ತೂಗಿಸಿದ ಚೀಟಿಗೆ ಮಾತ್ರ ಬೆಲೆಯುಂಟು. ೪.೩ ಮೀಟರು ಅಂತರದ ಅಚ್ಚುಗಳುಳ್ಳ ಉದ್ದನೆಯ ಸ್ಪ್ರಿಂಟರಿನ ಬೆನ್ನಿಗೆ, ಹಿಂದಿನ ಅಚ್ಚಿನಿಂದ ಎರಡು ಮೀಟರು ಆಚೆಗೆ, ಸೈಕಲ್ಲುಗಳನ್ನೂ ಪೆಟ್ಟಿಗೆಯನ್ನೂ ಕೂಡಿಸಿ ೧೦೦ ಕಿಲೋಗ್ರಾಂ ನೇತುಹಾಕಿದರೆ, ಹಿಂದಿನ ಅಚ್ಚಿನ ಮೇಲೆ ಹೆಚ್ಚುವ ಭಾರವು ೧೦೦ ಅಲ್ಲ, ಸುಮಾರು ೧೪೬ ಕಿಲೋಗ್ರಾಂ. ಆ ಹೆಚ್ಚಳದ ೪೬ ಕಿಲೋಗ್ರಾಂ ಮುಂದಿನ ಅಚ್ಚಿನಿಂದ ಕಳೆದುಹೋಗಿರುತ್ತದೆ. ದಾರಿಯನ್ನು ನಿರ್ಣಯಿಸುವ ಮುಂದಿನ ಚಕ್ರಗಳು ಹೀಗೆ ಹಗುರವಾಗುವುದು ಒಂದು ಹಾನಿ, ಗುರುತ್ವಕೇಂದ್ರವು ಹಿಂದಕ್ಕೆ ಸರಿದು ಗಾಳಿಯ ತಿರುಚುವಿಕೆಗೆ ಸನ್ನೆಯು ಉದ್ದವಾಗುವುದು ಇನ್ನೊಂದು ಹಾನಿ. ಆದುದರಿಂದ ನೀರಿನ ತೊಟ್ಟಿ, ಬ್ಯಾಟರಿ, ಉಪಕರಣಗಳ ಪೆಟ್ಟಿಗೆ ಇವು ಎರಡು ಅಚ್ಚುಗಳ ನಡುವೆ, ನೆಲಹಾಸಿಗೆ ಅಂಟಿಕೊಂಡಂತೆ ಇರಬೇಕು. ಹಾಸಿಗೆ, ದಿಂಬು, ಬಟ್ಟೆಗಳಂತಹ ಹಗುರವಾದುವು ಮೇಲಕ್ಕೂ ಹಿಂದಕ್ಕೂ ಹೋಗಬಹುದು. ಮಾಡಿನ ಮೇಲೆ ಏಣಿ, ದೋಣಿ, ಮೇಲ್ಕಟ್ಟು, ಪೆಟ್ಟಿಗೆಗಳನ್ನು ಹೊರಿಸಿಕೊಂಡು ಹೋಗುವವರು ಭಾರವನ್ನು ಅತ್ಯಂತ ಕೆಟ್ಟ ಎತ್ತರದಲ್ಲಿ ಇಟ್ಟಿದ್ದಾರಲ್ಲದೆ, ಗಾಳಿಗೆ ಹಿಡಿಯಲು ಹೊಸದೊಂದು ಪಟವನ್ನೂ ಎತ್ತಿದ್ದಾರೆ.

ಟೈರಿನ ವಿಚಾರವಾಗಿ ಹೇಳಬೇಕಾದುದು ಸ್ವಲ್ಪ. ಪಕ್ಕದಿಂದ ನೂಕಿದಾಗ ಟೈರಿನ ರಬ್ಬರು ಗೋಡೆಯು ಬಾಗಿ, ಚಕ್ರವು ತಾನು ನೋಡುತ್ತಿರುವ ದಿಕ್ಕಿಗಿಂತ ಕಿಂಚಿತ್ ಓರೆಯಾಗಿ ಉರುಳುತ್ತದೆ. ಗಾಳಿ ಕಡಿಮೆಯಿರುವ ಟೈರಿನಲ್ಲಿ, ಅಥವಾ ಕಾರಿಗೆಂದು ಮಾಡಿದ ಮೆತ್ತನೆಯ ಟೈರನ್ನು ವ್ಯಾನಿಗೆ ತೊಡಿಸಿದಲ್ಲಿ, ಈ ಓರೆತನವು ಬಹಳವಾಗುತ್ತದೆ. ಯೂರೋಪಿನಲ್ಲಿ ಕ್ಯಾಂಪರ್ ವಾಹನಗಳಿಗಾಗಿಯೇ ‘ಸಿ.ಪಿ.’ ಎಂಬ ಗುರುತಿನ ಗಟ್ಟಿ ಟೈರುಗಳಿದ್ದು, ಹಿಂದಿನ ಅಚ್ಚಿನಲ್ಲಿ ಅವುಗಳಿಗೆ ೫.೫ ಬಾರ್, ಅಂದರೆ ಸುಮಾರು ೮೦ ಪೌಂಡು ಒತ್ತಡವನ್ನು ತುಂಬುವುದು ರೂಢಿ. ಹಾಗೆಂದು ಮುಂದಿನ ಟೈರುಗಳನ್ನೂ ಕಣ್ಣುಮುಚ್ಚಿ ಉಬ್ಬಿಸಿದರೆ ನೆಲಕ್ಕೆ ತಗಲುವ ಭಾಗವು ಕಿರಿದಾಗಿ ಗಾಡಿಯು ಅಲೆಯತೊಡಗುತ್ತದೆ. ತೂಕದ ಚೀಟಿಯನ್ನು ಕೈಯಲ್ಲಿ ಹಿಡಿದು, ಟೈರು ತಯಾರಿಸಿದವರ ಕೋಷ್ಟಕವನ್ನು ನೋಡಿ, ತಣ್ಣಗಿರುವಾಗ ಒತ್ತಡವನ್ನು ಅಳೆಯುವುದೇ ಸರಿಯಾದ ವಿಧಾನ.

ಕೀಲುಗಳ ಪರೀಕ್ಷೆಯನ್ನು ಮಾತ್ರ ನಾನು ವಿಸ್ತಾರವಾಗಿ ಹೇಳಬಯಸುತ್ತೇನೆ. ಸ್ಟಿಯರಿಂಗಿನ ಚಕ್ರದಿಂದ ಟೈರಿನವರೆಗೆ ಕೈಯ ಆಜ್ಞೆಯು ಅನೇಕ ಕೀಲುಗಳನ್ನು ದಾಟಿ ಹೋಗಬೇಕಾಗಿದ್ದು, ಪ್ರತಿಯೊಂದು ಕೀಲೂ ಕೂದಲೆಳೆಯಷ್ಟು ಸವೆದಿದ್ದರೂ ಅವೆಲ್ಲವುಗಳ ಮೊತ್ತವು ಸ್ಟಿಯರಿಂಗಿನ ಅಂಚಿನಲ್ಲಿ ಎರಡು ಮೂರು ಬೆರಳುಗಳಷ್ಟು ಸಡಿಲಾಗಿ ಕಾಣಿಸಿಕೊಳ್ಳುತ್ತದೆ. ಗ್ಯಾರೇಜಿನವರು ಇದನ್ನೇ ‘ಪ್ಲೇ’ ಎನ್ನುತ್ತಾರೆ. ಗಾಳಿಯಿಲ್ಲದ ದಿನ ಈ ಸಡಿಲು ಚಾಲಕನ ಗಮನಕ್ಕೆ ಬರುವುದೇ ಇಲ್ಲ. ಬಿರುಗಾಳಿಯಲ್ಲಾದರೋ, ಅವನು ಕೈ ತಿರುಗಿಸಿದ ಮೇಲೆ ಆ ಸಡಿಲೆಲ್ಲವೂ ತುಂಬಿಕೊಳ್ಳುವ ತನಕ ಚಕ್ರವು ಹೊರಳುವುದಿಲ್ಲ. ಹೊರಳಿದಾಗ ಅವನು ಕೇಳಿದುದಕ್ಕಿಂತ ಹೆಚ್ಚಾಗಿ ಹೊರಳುತ್ತದೆ. ಅದನ್ನು ತಿದ್ದಲು ಮತ್ತೆ ಅದೇ ಸಡಿಲನ್ನು ವಿರುದ್ಧ ದಿಕ್ಕಿನಲ್ಲಿ ದಾಟಬೇಕಾಗುತ್ತದೆ. ಪರೀಕ್ಷೆಗೆ ಇಬ್ಬರು ಬೇಕು. ಚಕ್ರಗಳು ನೆಲದ ಮೇಲೆಯೇ ಇರುವಂತೆ ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಎಳೆದು, ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಇಂಜಿನ್ನನ್ನು ಚಾಲೂ ಮಾಡಿ, ಒಬ್ಬನು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಅಂಗೈಯಗಲದಷ್ಟು ಮೆಲ್ಲಗೆ ಆಡಿಸುತ್ತಿರಬೇಕು. ಇನ್ನೊಬ್ಬನು ಕೆಳಗೆ ಮಲಗಿ, ಟೈ ರಾಡಿನ ತುದಿಗಳನ್ನೂ ಬಾಲ್ ಜಾಯಿಂಟುಗಳನ್ನೂ ಒಂದೊಂದಾಗಿ ನೋಡುತ್ತ, ಕೀಲಿನ ಎರಡು ಭಾಗಗಳ ಮೇಲೂ ಬೆರಳನ್ನು ಅಡ್ಡಲಾಗಿ ಇಟ್ಟು ಮುಟ್ಟಿ ಪರೀಕ್ಷಿಸಬೇಕು. ಒಳ್ಳೆಯ ಕೀಲಿನಲ್ಲಿ ಎರಡು ಭಾಗಗಳೂ ಒಟ್ಟಿಗೆ ಚಲಿಸುತ್ತವೆ. ಸವೆದ ಕೀಲಿನಲ್ಲಿ ಒಂದು ಭಾಗವು ಹೊರಟ ಮೇಲೆ ಇನ್ನೊಂದು ತಡೆದು ಹೊರಡುವುದು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಚುರುಕಾಗಿ ತಿಳಿಯುತ್ತದೆ.

ಫೋರ್ಡಿನ ಹಳೆಯ ಇ-ವರ್ಗದ ವ್ಯಾನುಗಳಲ್ಲಿ, ಉತ್ತರ ಅಮೆರಿಕದ ಅಸಂಖ್ಯಾತ ಕ್ಯಾಂಪರುಗಳಿಗೆ ಆಧಾರವಾಗಿದ್ದು ೨೦೧೪ರಲ್ಲಿ ಟ್ರಾನ್ಸಿಟ್ಟಿಗೆ ಸ್ಥಾನ ಬಿಟ್ಟುಕೊಟ್ಟ ಆ ಗಟ್ಟಿ ಗಾಡಿಗಳಲ್ಲಿ, ಸ್ಟಿಯರಿಂಗಿನ ಗೇರ್ ಪೆಟ್ಟಿಗೆಯ ಮೇಲೆ ಒಂದು ತಿರುಪೂ ಅದನ್ನು ಹಿಡಿದಿಡುವ ನಟ್ಟೂ ಇರುತ್ತವೆ. ಸಡಿಲು ಕಂಡಕೂಡಲೆ ಆ ತಿರುಪನ್ನು ಬಿಗಿಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಸಡಿಲು ಪೆಟ್ಟಿಗೆಯ ಒಳಗಿನದೇ ಎಂದು ಖಚಿತವಾಗುವವರೆಗೆ ಅದನ್ನು ಮುಟ್ಟಬಾರದು. ಅತಿಯಾಗಿ ಬಿಗಿದಲ್ಲಿ ಹಲ್ಲುಗಳು ನಡುಮಧ್ಯದಲ್ಲಿ ಕಚ್ಚಿಕೊಂಡು, ತಿರುವಿನ ಅನಂತರ ಸ್ಟಿಯರಿಂಗು ತಾನಾಗಿ ನೆಟ್ಟಗಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಈ ನೆಟ್ಟಗಾಗುವ ಗುಣಕ್ಕೆ ಕಾರಣವಾದ ಕೋನವನ್ನು ಕ್ಯಾಸ್ಟರ್ ಎನ್ನುತ್ತಾರೆ. ಸೈಕಲ್ಲಿನ ಮುಂದಿನ ಕವಲು ನೇರವಾಗಿ ನಿಲ್ಲದೆ, ಅದರ ತಲೆಯು ಸವಾರನ ಕಡೆಗೆ ವಾಲಿರುವುದನ್ನು ಎಲ್ಲರೂ ನೋಡಿದ್ದೇವೆ. ಚಕ್ರವು ನೆಲವನ್ನು ಮುಟ್ಟುವ ಜಾಗವು ಆ ವಾಲಿದ ರೇಖೆಯು ನೆಲವನ್ನು ಸೇರುವ ಜಾಗಕ್ಕಿಂತ ಹಿಂದಿರುವುದರಿಂದ, ಗಾಡಿ ಮುಂದಕ್ಕೆ ಚಲಿಸುತ್ತಿರುವವರೆಗೆ ಚಕ್ರವು ನೇರವಾದ ದಾರಿಗೆ ಮರಳಲು ಯತ್ನಿಸುತ್ತದೆ. ವ್ಯಾನಿನಲ್ಲಿ ಈ ವಾಲುವಿಕೆಯು ಕೆಲವೇ ಡಿಗ್ರಿಗಳಷ್ಟಿದ್ದು, ಕಾರ್ಖಾನೆಯವರು ಒಪ್ಪಿದ ಮಿತಿಯೊಳಗೆ ಅದನ್ನು ಮೇಲ್ಮಟ್ಟಕ್ಕೆ ತಂದರೆ ಗಾಳಿಯಲ್ಲಿ ಗಾಡಿಯ ನಡತೆ ಗಮನಾರ್ಹವಾಗಿ ಸುಧಾರಿಸುತ್ತದೆ. ಇಲ್ಲಿ ಬಹುಮಂದಿ ಗಮನಿಸದ ಸಂಗತಿಯೊಂದುಂಟು. ಭಾರದಿಂದ ಕುಸಿದ ಹಿಂಭಾಗವನ್ನು ಹೆಚ್ಚಿನ ಸ್ಪ್ರಿಂಗ್ ಪಟ್ಟಿಗಳಿಂದಲೋ ಗಾಳಿಚೀಲಗಳಿಂದಲೋ ಎತ್ತಿದಾಗ ಇಡೀ ಗಾಡಿಯು ಮೂಗುಮುಂದಾಗಿ ಬಾಗುತ್ತದೆ. ನಾಲ್ಕು ಮೀಟರು ಅಂತರದ ಅಚ್ಚುಗಳಲ್ಲಿ ಹಿಂದೆ ಏಳು ಸೆಂಟಿಮೀಟರು ಎತ್ತಿದರೆ ಮುಂದೆ ಒಂದು ಡಿಗ್ರಿ ಕ್ಯಾಸ್ಟರ್ ಕಳೆದುಹೋಯಿತೆಂದೇ ಲೆಕ್ಕ. ಆದಕಾರಣ ಎತ್ತುವ ಕೆಲಸವೆಲ್ಲ ಮುಗಿದ ಮೇಲೆ, ಪ್ರಯಾಣದ ದಿನದಷ್ಟೇ ಭಾರವನ್ನು ಗಾಡಿಯಲ್ಲಿಟ್ಟು ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಬರಿದಾದ ಗಾಡಿಯನ್ನು ಒಯ್ದು ಅಳತೆ ಮಾಡಿಸಿದ ಕಾಗದವು ಬರಿದಾದ ಗಾಡಿಗೆ ಮಾತ್ರ ಅನ್ವಯಿಸುತ್ತದೆ.

ಇಷ್ಟಾದ ಮೇಲೂ ಒಡಲು ವಾಲುವುದು ಉಳಿದಿದ್ದರೆ, ಆಗ ಹೊಸ ಸಾಧನಗಳ ಮಾತು. ಹಿಂದಿನ ಅಚ್ಚಿಗೆ ದಪ್ಪನಾದ ಆಂಟಿ-ರೋಲ್ ಬಾರನ್ನು ಹಾಕಿದರೆ ಒಡಲು ಎಷ್ಟು ವಾಲಬೇಕೆಂಬುದಕ್ಕೆ ಮಿತಿಯೊದಗುತ್ತದೆ. ಒಳ್ಳೆಯ ಶಾಕ್ ಅಬ್ಸಾರ್ಬರುಗಳು ಅದು ಎಷ್ಟು ಬೇಗ ವಾಲಬೇಕೆಂಬುದನ್ನು ನಿಯಂತ್ರಿಸುತ್ತವೆ. ಇವೆರಡರ ಭೇದವನ್ನು ತಿಳಿಯದೆ ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ವಾಲುವಿಕೆಯನ್ನು ತಡೆಯುವುದು ಕೇವಲ ಸುಖಕ್ಕಾಗಿ ಅಲ್ಲ: ಪಟ್ಟಿ ಸ್ಪ್ರಿಂಗುಗಳ ಮೇಲೆ ನಿಂತ ಹಿಂದಿನ ಅಚ್ಚು, ಒಡಲು ಒಂದು ಪಕ್ಕಕ್ಕೆ ವಾಲಿದಾಗ ತಾನೂ ಕಿಂಚಿತ್ ಓರೆಯಾಗಿ, ಚಾಲಕನು ಕೇಳದಿದ್ದರೂ ಗಾಡಿಯ ದಾರಿಯನ್ನು ಬದಲಿಸುತ್ತದೆ. ಅಚ್ಚು ಅಡ್ಡಲಾಗಿ ಸರಿಯದಂತೆ ಒಡಲಿಗೂ ಅದಕ್ಕೂ ನಡುವೆ ಹಾಕುವ ಅಡ್ಡ ಸಲಾಕೆಯು ಉದ್ದನೆಯ ಹಳೆಯ ಗಾಡಿಗಳಲ್ಲಿ ಒಳ್ಳೆಯ ಫಲವನ್ನು ಕೊಡುತ್ತದೆ. ಸ್ಟಿಯರಿಂಗ್ ಡ್ಯಾಂಪರು ಗುಂಡಿಯ ಹೊಡೆತವನ್ನೂ, ಟೈರು ಸಿಡಿದಾಗ ಬರುವ ಸೆಳೆತವನ್ನೂ ತಗ್ಗಿಸಲು ಸಮರ್ಥವಾದುದಾದರೂ, ಗಾಳಿಯ ತೊನೆತಕ್ಕೆ ಮೊದಲನೆಯ ಔಷಧವಾಗಿ ಅದನ್ನು ಕೊಳ್ಳುವುದನ್ನು ನಾನು ಒಪ್ಪಲಾರೆ.

ಹೊಸ ಗಾಡಿಗಳಲ್ಲಿ ಕಾರ್ಖಾನೆಯೇ ಒಂದು ಸಹಾಯವನ್ನು ಒದಗಿಸಿದೆ. ಮರ್ಸಿಡಿಸ್ಸಿನವರು ೨೦೧೩ರಲ್ಲಿ ಸ್ಪ್ರಿಂಟರಿಗೆ ಅಳವಡಿಸಿದ ಅಡ್ಡಗಾಳಿಯ ಸಹಾಯಕ ವ್ಯವಸ್ಥೆಯು, ಗಾಡಿಯ ತಿರುಗುವಿಕೆಯನ್ನೂ ಪಕ್ಕದ ಸೆಳೆತವನ್ನೂ ಸಂವೇದಕಗಳಿಂದ ಅರಿತು, ೮೦ ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಗಾಳಿ ಬರುವ ಪಕ್ಕದ ಚಕ್ರಗಳಿಗೆ ತಾನಾಗಿ ಬ್ರೇಕು ಹಾಕಿ, ಮೂತಿಯನ್ನು ಗಾಳಿಯ ಕಡೆಗೆ ಎಳೆದು ನಿಲ್ಲಿಸುತ್ತದೆ. ೨೦೨೦ರ ಟ್ರಾನ್ಸಿಟ್ಟಿನಲ್ಲಿಯೂ ಇಂತಹುದೇ ಏರ್ಪಾಡಿದೆ. ಹಠಾತ್ತಾಗಿ ಬಡಿಯುವ ಗಾಳಿಗೆ ಇದು ನಿಜವಾಗಿಯೂ ಉಪಕಾರಿ. ಗಂಟೆಗಟ್ಟಲೆ ಒಂದೇ ಸಮನೆ ನೂಕುವ ಗಾಳಿಯನ್ನು ಚಾಲಕನ ಕೈಯೇ ಎದುರಿಸಬೇಕು.

ಆ ಕೈಗೆ ಅತ್ಯಂತ ಕಠಿನವಾದ ಕ್ಷಣವೆಂದರೆ ದೊಡ್ಡ ಲಾರಿಯೊಂದನ್ನು ಗಾಳಿಯ ಮರೆಯ ಪಕ್ಕದಿಂದ ಹಿಂದಿಕ್ಕುವುದು. ಲಾರಿಯ ಮರೆಯಲ್ಲಿರುವಷ್ಟು ಹೊತ್ತು ನೂಕು ನಿಂತು, ಗಾಳಿಗೆದುರಾಗಿ ತಿರುಗಿಸಿಟ್ಟಿದ್ದ ಸ್ಟಿಯರಿಂಗು ಗಾಡಿಯನ್ನು ಲಾರಿಯ ಕಡೆಗೆ ಒಯ್ಯುತ್ತದೆ. ಲಾರಿಯ ಮೂತಿಯನ್ನು ದಾಟಿದೊಡನೆ ಗಾಳಿಯು ಪೂರ್ಣಬಲದಿಂದ ಮತ್ತೆ ಬಡಿಯುತ್ತದೆ. ಇದು ಬರುತ್ತದೆಂದು ಮೊದಲೇ ತಿಳಿದಿದ್ದು, ಕೈಯನ್ನು ಸಡಿಲವಾಗಿಟ್ಟು, ಸಣ್ಣ ಸಣ್ಣ ತಿದ್ದುಪಡಿಗಳಿಂದ ದಾಟುವವನಿಗೆ ತೊಂದರೆಯಿಲ್ಲ. ಸೇತುವೆಗಳ ಮೇಲೆ ಹೀಗೆ ಮರೆಯೂ ಬಯಲೂ ಬದಲಾಗುತ್ತಿರುವುದರಿಂದ, ಬ್ರಿಟನ್ನಿನ ಸೆವರ್ನ್ ನದಿಗೆ ೧೯೬೬ರಲ್ಲಿ ಕಟ್ಟಿದ ಮೊದಲ ಸೇತುವೆಯನ್ನು ಬಿರುಗಾಳಿಯ ದಿನಗಳಲ್ಲಿ ಮುಚ್ಚಬೇಕಾಗುತ್ತಿತ್ತು. ೧೯೯೬ರಲ್ಲಿ ಕಟ್ಟಿದ ಎರಡನೆಯ ಸೇತುವೆಯ ಎರಡು ಅಂಚುಗಳಿಗೂ ಗಾಳಿತಡೆಗಳನ್ನು ನಿಲ್ಲಿಸಿ ಆ ಅನುಭವದ ಫಲವನ್ನು ಪಡೆದರು.

ವಯೋಮಿಂಗಿನ ರಸ್ತೆಯ ಫಲಕವು ಪ್ರವೇಶವಿಲ್ಲವೆಂದು ಹೇಳಿದ ದಿನ, ಹೊಸ ಟೈರು, ಹೊಸ ಕೀಲು, ಹೊಸ ಸಲಾಕೆಗಳೆಲ್ಲವೂ ಇರುವ ಗಾಡಿಗೂ ವಿನಾಯಿತಿಯಿಲ್ಲ. ರಾಲಿನ್ಸಿನಲ್ಲಿಯೋ ಲಾರಮಿಯಲ್ಲಿಯೋ ನಿಂತು, ಏರಿಸುವ ಮಾಡಿದ್ದರೆ ಅದನ್ನು ಇಳಿಸಿ ಚಿಲಕ ಹಾಕಿ, ವ್ಯಾನಿನ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೆ, ಪಕ್ಕದ ಹದಿನೈದು ಚದರ ಮೀಟರಿಗೆ ಬಡಿಯುತ್ತಿದ್ದ ಗಾಳಿಯು ಮುಂಭಾಗದ ನಾಲ್ಕೈದು ಚದರ ಮೀಟರಿಗೆ ಮಾತ್ರ ಬಡಿದು, ಒಳಗೆ ಮಲಗಿದವರಿಗೆ ನಿದ್ದೆ ಬರುವಷ್ಟು ಗಾಡಿಯು ಸ್ಥಿರವಾಗಿರುತ್ತದೆ.